ಜಾರುವ ದುಪಟ್ಟಾ, ಜಾರಿಕೊಳ್ಳುವ ಹೊಣೆ

ಶ್ರೀರಂಗಪಟ್ಟಣದಲ್ಲಿ 2023ರ ಜನವರಿಯಲ್ಲಿ ನಡೆದ ರಥಸಪ್ತಮಿ ಜಾತ್ರೆಯಲ್ಲಿ ಜೈಂಟ್ ವ್ಹೀಲ್ ಏರಿದ್ದ ಬಾಲಕಿಯೊಬ್ಬಳ ತಲೆಗೂದಲು ತಿರುಗುವ ಯಂತ್ರಕ್ಕೆ ಸಿಕ್ಕಿಕೊಂಡಿತು. ಚಕ್ರ ನಿಲ್ಲುವಷ್ಟರಲ್ಲಿ ಕೂದಲಿನೊಂದಿಗೆ ನೆತ್ತಿಯ ಚರ್ಮವೂ ಕಿತ್ತುಬಂದಿತ್ತು. ಸುದ್ದಿ ಎರಡು ದಿನ ಪತ್ರಿಕೆಗಳಲ್ಲಿ ಸುಳಿದಾಡಿ ಮರೆಯಾಯಿತು. ಜಾತ್ರೆಗಳು ಮುಂದಿನ ಊರುಗಳಲ್ಲಿ ಎಂದಿನಂತೆ ನಡೆದವು.

ಇದು ಅಪರೂಪದ ಅವಘಡವೆಂದು ತಳ್ಳಿಹಾಕುವಂತಿಲ್ಲ. ಹರಿಯಾಣದ ಪಿಂಜೋರ್ ಉದ್ಯಾನದಲ್ಲಿ 2018ರ ಫೆಬ್ರುವರಿಯಲ್ಲಿ ಗೋ-ಕಾರ್ಟ್ ಸವಾರಿ ಮಾಡುತ್ತಿದ್ದ ಯುವತಿಯೊಬ್ಬರ ಕೂದಲು ಚಕ್ರಕ್ಕೆ ಸುತ್ತಿಕೊಂಡು ಅವರು ಪ್ರಾಣ ಕಳೆದುಕೊಂಡರು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಇದೇ ಬಗೆಯ ಸವಾರಿಯಲ್ಲಿ, ಇದೇ ಕಾರಣಕ್ಕೆ ಮೃತಪಟ್ಟಳು. ಅಮೆರಿಕದ ಒಮಾಹಾ ನಗರದ ಮೇಳವೊಂದರಲ್ಲಿ 2016ರ ಮೇ ತಿಂಗಳಲ್ಲಿ ಹನ್ನೊಂದು ವರ್ಷದ ಹುಡುಗಿಗೆ ಆದದ್ದೂ ಶ್ರೀರಂಗಪಟ್ಟಣದ ಬಾಲಕಿಗೆ ಆದದ್ದೇ. ದೇಶ, ಯಂತ್ರ, ಶ್ರೀಮಂತಿಕೆ ಯಾವುದೇ ಇರಲಿ, ತಿರುಗುವ ಉಕ್ಕಿಗೆ ಸಡಿಲವಾದ ಕೂದಲು ಅಥವಾ ಬಟ್ಟೆ ಸಿಕ್ಕಿದರೆ ಪರಿಣಾಮ ಒಂದೇ.

ಇಂಥ ಸುದ್ದಿ ಕೇಳಿದೊಡನೆ ನಮ್ಮ ಬಾಯಲ್ಲಿ ಬರುವ ಮೊದಲ ಮಾತು, ‘ಕೂದಲು ಕಟ್ಟಿಕೊಳ್ಳಬಾರದಿತ್ತೇ?’ ಎಂಬುದು. ಕಟ್ಟಿಕೊಳ್ಳಬೇಕಿತ್ತು, ನಿಜ. ಆದರೆ ಆ ಮಾತು ಎಚ್ಚರಿಕೆಯಾಗಿ ಸವಾರಿಗೆ ಮೊದಲು ಬಂದರೆ ಅದಕ್ಕೊಂದು ಬೆಲೆ. ಅವಘಡದ ನಂತರ ಬಂದರೆ ಅದು ತೀರ್ಪು. ಯಂತ್ರದ ಮಾಲೀಕ, ಪರವಾನಗಿ ಕೊಟ್ಟ ಅಧಿಕಾರಿ, ಲಿವರ್ ಹಿಡಿದ ನೌಕರ ಇವರೆಲ್ಲರ ಪಾಲಿನ ಹೊಣೆಯನ್ನು ಗಾಯಗೊಂಡವಳ ಜಡೆಗೆ ಕಟ್ಟಿಬಿಡುವ ತೀರ್ಪು. ಉಡುಪಿನ ಬಗೆಗಿನ ತಿಳಿವಳಿಕೆ ಖಂಡಿತ ಬೇಕು. ಆ ತಿಳಿವಳಿಕೆ ಎಲ್ಲಿಯವರೆಗೆ ರಕ್ಷಿಸುತ್ತದೆ, ಎಲ್ಲಿ ಅದರ ಶಕ್ತಿ ಮುಗಿಯುತ್ತದೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ನೋಡಬೇಕಾಗಿದೆ.

ಕೂದಲು ಸಿಕ್ಕಿಕೊಂಡಾಗ ಏಕೆ ಎಳೆದು ಬಿಡಿಸಿಕೊಳ್ಳಲಾಗುವುದಿಲ್ಲ? ಸರಳ ಲೆಕ್ಕವೊಂದು ಸಾಕು. ಐದು ಸೆಂಟಿಮೀಟರ್ ದಪ್ಪದ ಉಕ್ಕಿನ ದಂಡ ಸೆಕೆಂಡಿಗೆ ಒಂದು ಸುತ್ತು ತಿರುಗುತ್ತಿದ್ದರೆ, ಪ್ರತಿ ಸೆಕೆಂಡಿಗೂ ಸುಮಾರು ಹದಿನಾರು ಸೆಂಟಿಮೀಟರ್ ಕೂದಲನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಒಂದೂವರೆ ಅಡಿಯ ಜಡೆ ಮೂರು ಸೆಕೆಂಡಿನಲ್ಲಿ ಮುಗಿಯಿತು. ಇದು ನಿಧಾನವಾಗಿ ತಿರುಗುವ ಯಂತ್ರದ ಮಾತು. ಗೋ-ಕಾರ್ಟ್‌ನಲ್ಲಿ ಹಿಂಚಕ್ರಗಳ ಅಚ್ಚು ಸವಾರನ ಬೆನ್ನಿಗೆ ಒಂದೆರಡು ಗೇಣು ಹಿಂದೆಯೇ, ಎಷ್ಟೋ ಕಡೆ ಮುಚ್ಚಳವಿಲ್ಲದೆ, ಸುತ್ತುತ್ತಿರುತ್ತದೆ. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಆ ಅಚ್ಚು ಅದೇ ಜಡೆಯನ್ನು ನುಂಗಲು ಅರ್ಧ ಸೆಕೆಂಡೂ ಬೇಕಿಲ್ಲ. ಕೂಗಿದ್ದು ಕೇಳಿ, ಏನಾಯಿತೆಂದು ತಿಳಿದು, ನೌಕರ ಗುಂಡಿ ಒತ್ತುವುದರೊಳಗೆ ಎಲ್ಲ ಮುಗಿದಿರುತ್ತದೆ. ಹೆಲ್ಮೆಟ್ ಇದಕ್ಕೆ ಪರಿಹಾರವಲ್ಲ. ಅದರ ಕೆಳಗಿಂದ ಇಳಿಬಿದ್ದ ಕೂದಲಿಗೆ ಹೆಲ್ಮೆಟ್ಟಿನ ರಕ್ಷಣೆ ಇರುವುದಿಲ್ಲ.

ಈ ಅಪಾಯ ನಮ್ಮ ಕಾನೂನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 123ನೇ ನಿಯಮವನ್ನು ನೋಡಿ. ದ್ವಿಚಕ್ರ ವಾಹನದ ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಕವಿರಬೇಕು, ಕೈಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು ಎನ್ನುತ್ತದೆ ಅದು. ನಾವೆಲ್ಲ ‘ಸೀರೆ ಗಾರ್ಡ್’ ಎಂದು ಕರೆಯುವ ಆ ಕಬ್ಬಿಣದ ಜಾಲರಿಯ ಹಿಂದಿನ ವಿವೇಕ ಗಮನಾರ್ಹ. ಹೆಂಗಸರು ಸೀರೆ ಉಟ್ಟು ಸ್ಕೂಟರ್ ಹತ್ತಬಾರದೆಂದು ನಿಯಮ ಹೇಳಲಿಲ್ಲ. ಈ ದೇಶದ ಜನ ಸೀರೆ ಉಡುತ್ತಾರೆ, ದುಪಟ್ಟಾ ಹೊದೆಯುತ್ತಾರೆ, ಪಂಚೆ ಉಡುತ್ತಾರೆ. ಯಂತ್ರ ಅದಕ್ಕೆ ಹೊಂದಿಕೊಳ್ಳಲಿ ಎಂದಿತು. ರಸ್ತೆಯ ಮೇಲಿನ ಬೈಕಿಗೆ ಅನ್ವಯವಾದ ಈ ವಿವೇಕ ಜಾತ್ರೆಯ ಬಯಲಲ್ಲಿ ತಿರುಗುವ ತೊಟ್ಟಿಲಿಗೆ ಏಕೆ ಅನ್ವಯವಾಗಬಾರದು?

ಆ ದಿನ ಬರುವವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಿಕೊಳ್ಳಬೇಕು. ರೈಡ್‌ಗಳಿಗೆ ಹೋಗುವ ದಿನ ಮೈಗೆ ಹತ್ತಿದಂತಿರುವ, ಅಂಚು ಇಳಿಬೀಳದ ಉಡುಪೇ ಸರಿ. ಪ್ಯಾಂಟು, ಟೀ ಶರ್ಟು, ಗಿಡ್ಡ ಕುರ್ತಾ ಆದೀತು. ದುಪಟ್ಟಾವನ್ನು ಪಿನ್ನು ಹಾಕಿ ಭದ್ರಪಡಿಸುವುದಕ್ಕಿಂತ ತೆಗೆದು ಚೀಲಕ್ಕೆ ಹಾಕುವುದೇ ಮೇಲು. ನೃತ್ಯಗಾತಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಸತ್ತದ್ದು ಕಾರಿನ ಚಕ್ರಕ್ಕೆ ಸಿಕ್ಕಿದ ಕೊರಳ ಶಾಲಿನಿಂದ. ಕೊರಳಿಗೆ ಸುತ್ತಿದ ಬಟ್ಟೆ ಚಕ್ರಕ್ಕೆ ಸಿಕ್ಕರೆ ಆಗುವುದೇನೆಂದು ತಿಳಿಯಲು ಬೇರೆ ಉದಾಹರಣೆ ಬೇಕಿಲ್ಲ. ಮಕ್ಕಳ ಜಾಕೆಟ್ಟಿನ ಟೊಪ್ಪಿಗೆಯಿಂದ ಇಳಿಬೀಳುವ ದಾರವೂ ಇದೇ ಜಾತಿಯದು. ಜಡೆಯನ್ನು ಮಡಿಚಿ ಬಟ್ಟೆಯ ಬ್ಯಾಂಡಿನಿಂದ ಬಿಗಿದು ಕೊರಳಪಟ್ಟಿಯೊಳಗೆ ಸೇರಿಸಿಕೊಳ್ಳಬೇಕು. ನೆತ್ತಿಯ ಹಿಂದೆ ದೊಡ್ಡ ತುರುಬು ಕಟ್ಟುವುದು ಸರಿಯಲ್ಲ. ವೇಗದ ರೈಡ್‌ಗಳಲ್ಲಿ ತಲೆ ಹಿಂದಿನ ಒರಗಿಗೆ ತಾಗಿಯೇ ಇರಬೇಕು. ತುರುಬು ತಲೆಯನ್ನು ಮುಂದಕ್ಕೆ ತಳ್ಳಿ ಕತ್ತಿಗೆ ಕುತ್ತು ತರುತ್ತದೆ. ಲೋಹದ ಹೇರ್‌ಪಿನ್ನುಗಳು, ಗಾಜಿನ ಬಳೆ, ಉದ್ದನೆಯ ಸರ ಇವಕ್ಕೂ ಅಂದು ರಜೆ ಕೊಡಬಹುದು. ತೆಗೆಯಲು ಮನಸ್ಸೊಪ್ಪದ ಮಾಂಗಲ್ಯವನ್ನು ಬಟ್ಟೆಯೊಳಗೆ ಸೇರಿಸಿ ಪಿನ್ನು ಹಾಕಬಹುದು. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಇರಲಿ.

ಸೀರೆಯ ವಿಷಯದಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಹೇಳುವವರು ಕಡಿಮೆ. ‘ಕೊಲಂಬಸ್’ ದೋಣಿಯಿಂದ ರೋಲರ್ ಕೋಸ್ಟರ್‌ವರೆಗೆ ಹಲವು ರೈಡ್‌ಗಳಲ್ಲಿ ತೊಡೆಯ ಮೇಲೆ ಇಳಿಯುವ ಅಡ್ಡಪಟ್ಟಿಯೇ ಸವಾರನನ್ನು ಹಿಡಿದಿಡುವುದು. ಅದು ತೊಡೆ ಮತ್ತು ಸೊಂಟದ ಮೂಳೆಗೆ ಒತ್ತಿ ಕುಳಿತಾಗಲೇ ಸುರಕ್ಷಿತ. ನಡುವೆ ಸೀರೆಯ ನೆರಿಗೆ, ದಪ್ಪ ಜಾಕೆಟ್ಟು ಅಥವಾ ಮಡಿಲಲ್ಲಿಟ್ಟ ಚೀಲ ಇದ್ದರೆ ಪಟ್ಟಿ ಬಿಗಿಯಾದಂತೆ ತೋರುತ್ತದೆ. ಸವಾರಿ ಶುರುವಾದ ಮೇಲೆ ಬಟ್ಟೆ ಅಮುಕಿಕೊಂಡು ನಡುವೆ ಎರಡು ಮೂರು ಬೆರಳಿನ ಜಾಗ ಉಳಿಯುತ್ತದೆ. ದೇಹ ಆಸನದಿಂದ ಮೇಲೇಳುವ ಕ್ಷಣದಲ್ಲಿ ಆ ಮೂರು ಬೆರಳೇ ನಿರ್ಣಾಯಕವಾಗಬಹುದು. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವವರೂ ಇದನ್ನೇ ನೆನೆಯಬೇಕು. ಪಟ್ಟಿ ದೊಡ್ಡವರ ಮೈಗೂ ತಾಗುವುದಿಲ್ಲ, ಮಗುವಿನ ಮೈಗೂ ಹೊಂದುವುದಿಲ್ಲ.

ಎತ್ತರದ ನಿಯಮಕ್ಕೆ ಇರುವ ಅರ್ಥವೂ ಇದೇ. 120 ಅಥವಾ 140 ಸೆಂಟಿಮೀಟರ್ ಗೆರೆಯ ಮುಂದೆ ಮಗನನ್ನು ನಿಲ್ಲಿಸಿ ‘ಸ್ವಲ್ಪ ಹಿಮ್ಮಡಿ ಎತ್ತು’ ಎಂದು ಪಿಸುಗುಡುವ ವಿದ್ಯಾವಂತ ತಂದೆಯರನ್ನು ಯಾವ ಪಾರ್ಕಿನ ಸರದಿಯಲ್ಲಾದರೂ ಕಾಣಬಹುದು. ಟಿಕೆಟ್ಟಿನ ದುಡ್ಡು ವ್ಯರ್ಥವಾಗಬಾರದೆಂಬ ಮಧ್ಯಮ ವರ್ಗದ ಆತಂಕ ಅರ್ಥವಾಗುವಂಥದ್ದು. ಆದರೆ ಆ ಗೆರೆ ಹುಡುಗನ ಧೈರ್ಯದ ಅಳತೆಯಲ್ಲ. ಅವನ ಕಾಲು, ಸೊಂಟ, ಭುಜಗಳು ಬಂಧನದ ಹಿಡಿತಕ್ಕೆ ಸಿಗುತ್ತವೆಯೇ ಎಂಬುದರ ಅಳತೆ. ಹೃದ್ರೋಗ, ಬೆನ್ನು ಕುತ್ತಿಗೆಗಳ ತೊಂದರೆ, ಅಪಸ್ಮಾರ ಇರುವವರು ಮತ್ತು ಗರ್ಭಿಣಿಯರು ವೇಗದ ರೈಡ್‌ಗಳಿಂದ ದೂರವಿರಬೇಕೆಂಬ ಫಲಕವನ್ನೂ ಹಾಗೆಯೇ ಓದಬೇಕು.

ಜಲಕ್ರೀಡೆಯ ಪಾರ್ಕುಗಳಲ್ಲಿ ಉಡುಪಿನ ನಿಯಮ ಜಗಳಕ್ಕೇ ಕಾರಣವಾಗುತ್ತದೆ. ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಬೇಕೆಂದು ಪಟ್ಟು ಹಿಡಿಯುವುದು ಬಾಡಿಗೆ ಕಾಸ್ಟ್ಯೂಮಿನ ವ್ಯಾಪಾರಕ್ಕೆ ಎಂಬ ಗುಮಾನಿ ಹಲವರಿಗಿದೆ. ವ್ಯಾಪಾರ ಇರಬಹುದು, ಆದರೆ ನಿಯಮ ಸುಳ್ಳಲ್ಲ. ಜಾರುವ ದಾರಿಯ ಇಳಿಜಾರು, ತಿರುವು, ನೀರಿನ ಹರಿವು ಎಲ್ಲವನ್ನೂ ದೇಹ ಇಂತಿಷ್ಟು ಸಲೀಸಾಗಿ ಜಾರುತ್ತದೆ ಎಂಬ ಅಂದಾಜಿನ ಮೇಲೆ ರೂಪಿಸಿರುತ್ತಾರೆ. ಒದ್ದೆ ಹತ್ತಿ ಬಟ್ಟೆ ಅಂಟಿ ನಿಲ್ಲುತ್ತದೆ. ನಡುದಾರಿಯಲ್ಲಿ ನಿಂತವನಿಗೆ ಹಿಂದಿನಿಂದ ಬರುವವನು ಡಿಕ್ಕಿ ಹೊಡೆಯುತ್ತಾನೆ. ಜೀನ್ಸಿನ ಲೋಹದ ಗುಂಡಿ ಮತ್ತು ಜಿಪ್ಪು ಫೈಬರ್‌ಗ್ಲಾಸ್ ಮೈಯನ್ನು ಗೀಚುತ್ತವೆ. ಆ ಗೀರು ನಾಳೆ ಬರುವವರ ಬೆನ್ನು ಕೀಳುತ್ತದೆ. ಸೀರೆಯಂತೂ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಂಡರೆ ಸೊಂಟದಾಳದ ನೀರೂ ಅಪಾಯಕಾರಿಯೇ.

ಹಾಗೆಂದು ಮೈಮುಚ್ಚುವ ಸಂಕೋಚವನ್ನು ಗೇಲಿ ಮಾಡಬೇಕಿಲ್ಲ. ನಮ್ಮ ಪಾರ್ಕುಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಒಳಬಂದು, ಇಡೀ ದಿನ ಮನೆಯವರ ಚೀಲ ಚಪ್ಪಲಿ ಕಾಯುತ್ತಾ ಕಲ್ಲುಬೆಂಚಿನ ಮೇಲೆ ಕುಳಿತಿರುವ ಅತ್ತೆ, ಅಮ್ಮಂದಿರ ಸಾಲೇ ಇರುತ್ತದೆ. ತೋಳು ಕಾಲು ಮುಚ್ಚುವ ನೈಲಾನ್ ಉಡುಪು ತಯಾರಾಗುತ್ತದೆ. ಅದು ಎಲ್ಲ ಅಳತೆಗಳಲ್ಲಿ, ಸ್ವಚ್ಛವಾಗಿ, ಕೈಗೆಟಕುವ ದರದಲ್ಲಿ ಬಾಗಿಲಲ್ಲೇ ದೊರೆತರೆ ಆ ಬೆಂಚುಗಳಲ್ಲಿ ಅರ್ಧದಷ್ಟಾದರೂ ಖಾಲಿಯಾದೀತು.

ಜೇಬಿನಲ್ಲಿರುವ ವಸ್ತುಗಳ ಬಗ್ಗೆ ಒಂದು ಮಾತು. ಗಂಟೆಗೆ 80 ಕಿಲೋಮೀಟರ್ ವೇಗದ ರೈಡಿನಿಂದ ಜಾರಿದ ಮೊಬೈಲ್ ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಚಿಮ್ಮುವ ಕಲ್ಲು. ಕೆಳಗೆ ಬಿದ್ದ ಮೇಲೂ ಅದರ ಅಪಾಯ ಮುಗಿಯುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ 2015ರ ಆಗಸ್ಟ್‌ನಲ್ಲಿ, ಸವಾರಿಯಲ್ಲಿ ಕಳೆದ ವಸ್ತುವನ್ನು ಹುಡುಕಲು ನಿಷೇಧಿತ ಬೇಲಿಯೊಳಗೆ ಹೋದ ವ್ಯಕ್ತಿಗೆ ಅದೇ ರೋಲರ್ ಕೋಸ್ಟರ್ ಬಡಿದು ಅವರು ಸತ್ತರು.

ಇಷ್ಟೆಲ್ಲ ಎಚ್ಚರ ವಹಿಸಿದ ಸವಾರ ಸುರಕ್ಷಿತನೇ? ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 2015ರ ಜೂನ್ 2ರಂದು ‘ಸ್ಮೈಲರ್’ ಎಂಬ ರೋಲರ್ ಕೋಸ್ಟರ್‌ನಲ್ಲಿ ಕುಳಿತಿದ್ದ ಹದಿನಾರು ಮಂದಿಯ ಉಡುಪಿನಲ್ಲಾಗಲಿ ನಡತೆಯಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಹಳಿಯ ಮೇಲೆ ಖಾಲಿ ಬೋಗಿಯೊಂದು ನಿಂತಿತ್ತು. ಕಂಪ್ಯೂಟರ್ ಅದನ್ನು ಗುರುತಿಸಿ ಹಿಂದಿನ ಬೋಗಿಯನ್ನು ತಡೆದಿತ್ತು. ತಂತ್ರಜ್ಞರು ಅದನ್ನು ಕಂಪ್ಯೂಟರಿನ ತಪ್ಪೆಂದು ಭಾವಿಸಿ ತಡೆಯನ್ನು ಮೀರಿ ಬೋಗಿ ಬಿಟ್ಟರು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಮರುವರ್ಷ ನ್ಯಾಯಾಲಯ ಕಂಪೆನಿಗೆ 50 ಲಕ್ಷ ಪೌಂಡ್ ದಂಡ ವಿಧಿಸಿತು; ದೋಷ ಕಂಪೆನಿಯ ಕೆಲಸದ ಪದ್ಧತಿಯಲ್ಲಿದೆ ಎಂಬುದು ಆ ದಂಡದ ಅರ್ಥ. ಫ್ಲಾರಿಡಾದ ಒರ್ಲಾಂಡೊದಲ್ಲಿ 2022ರ ಮಾರ್ಚ್‌ನಲ್ಲಿ ಎತ್ತರದಿಂದ ಬೀಳುವ ರೈಡೊಂದರ ಆಸನದಿಂದ ಹದಿನಾಲ್ಕು ವರ್ಷದ ಬಾಲಕ ಜಾರಿ ಬಿದ್ದು ಸತ್ತ. ಸ್ಥೂಲಕಾಯದ ಆ ಹುಡುಗನ ಭುಜಬಂಧ ಪೂರ್ತಿ ಇಳಿದಿರಲಿಲ್ಲ. ಇಳಿದಿಲ್ಲವೆಂದು ಎಚ್ಚರಿಸಬೇಕಾದ ಸಂವೇದಕವನ್ನೇ ಸಡಿಲಗೊಳಿಸಲಾಗಿತ್ತೆಂದು ತನಿಖೆ ಹೇಳಿತು. ಮರುವರ್ಷ ಆ ರಾಜ್ಯ ಅವನ ಹೆಸರಿನಲ್ಲೇ ಕಾನೂನು ಮಾಡಿತು.

ನಮ್ಮಲ್ಲಿ? ಅಹಮದಾಬಾದಿನ ಕಾಂಕರಿಯಾದಲ್ಲಿ 2019ರ ಜುಲೈ 14ರಂದು ಲೋಲಕದಂತೆ ತೂಗುವ ರೈಡೊಂದು ನಡುವೆಯೇ ಮುರಿದು ಜನರಿದ್ದ ಭಾಗವೇ ಕೆಳಗಪ್ಪಳಿಸಿತು. ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮೊಹಾಲಿಯ ಮೇಳದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಸುಮಾರು ಐವತ್ತು ಅಡಿ ಎತ್ತರದಿಂದ ಇಡೀ ತೂಗು ಆಸನ ದಡ್ಡನೆ ನೆಲಕ್ಕೆ ಬಿತ್ತು. ದೆಹಲಿಯ ಕಪಸ್‌ಹೇರಾ ಬಳಿಯ ಪಾರ್ಕೊಂದರಲ್ಲಿ 2025ರ ಏಪ್ರಿಲ್‌ನಲ್ಲಿ ರೋಲರ್ ಕೋಸ್ಟರ್‌ನಿಂದ ಬಿದ್ದು ಇಪ್ಪತ್ತನಾಲ್ಕರ ಯುವತಿ ಮೃತಪಟ್ಟರು. ಇಲ್ಲೆಲ್ಲ ದುಪಟ್ಟಾ ಕಳಚಿಟ್ಟು ಜಡೆ ಬಿಗಿದು ಕುಳಿತಿದ್ದರೂ ಆಗುವುದು ಆಗಿಯೇ ತೀರುತ್ತಿತ್ತು.

ಇದನ್ನು ಓದಿ ಮಕ್ಕಳನ್ನು ಮನೆಯಲ್ಲೇ ಕಟ್ಟಿಹಾಕಬೇಕೆಂದೇನೂ ಅಲ್ಲ. ಅಮೆರಿಕದ ಸ್ಥಿರ ಪಾರ್ಕುಗಳಲ್ಲಿ ಗಂಭೀರ ಗಾಯದ ಸಾಧ್ಯತೆ ಸುಮಾರು ಒಂದೂವರೆ ಕೋಟಿ ಸವಾರಿಗೆ ಒಂದು ಎಂದು ಅಲ್ಲಿನ ಉದ್ಯಮದ ಸಂಘಟನೆ ಹೇಳುತ್ತದೆ. ಉದ್ಯಮದ್ದೇ ಲೆಕ್ಕವಾದ್ದರಿಂದ ಸ್ವಲ್ಪ ಉಪ್ಪು ಬೆರೆಸಿಯೇ ಸ್ವೀಕರಿಸೋಣ. ಪಾರ್ಕಿಗೆ ಹೋಗುವ ದಾರಿಯ ರಸ್ತೆ ರೈಡಿಗಿಂತ ಅಪಾಯಕಾರಿ ಎಂಬುದಂತೂ ನಿಜ. ಆದರೆ ಆ ಲೆಕ್ಕದಲ್ಲಿ ‘ಸ್ಥಿರ’ ಎಂಬ ಪದ ಮುಖ್ಯ. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಂಥ ದೊಡ್ಡ ಪಾರ್ಕುಗಳಲ್ಲಿ ಯಂತ್ರ ಒಂದೇ ಕಡೆ ಅಡಿಪಾಯದ ಮೇಲೆ ನಿಂತಿರುತ್ತದೆ. ನಿರ್ವಹಣೆಗೆ ಎಂಜಿನಿಯರುಗಳಿರುತ್ತಾರೆ, ಹೆಸರು ಕೆಡುವ ಭಯವಿರುತ್ತದೆ. ಜಾತ್ರೆಯ ಕಥೆ ಬೇರೆ. ಜೈಂಟ್ ವ್ಹೀಲ್, ಕೊಲಂಬಸ್, ಟೋರಾ ಟೋರಾ, ಬ್ರೇಕ್ ಡ್ಯಾನ್ಸ್ ಎಲ್ಲವೂ ಲಾರಿಯಲ್ಲಿ ಬರುತ್ತವೆ. ಬಿಚ್ಚಿ, ಹೇರಿ, ಇಳಿಸಿ, ಮತ್ತೆ ಜೋಡಿಸುವ ಪ್ರತಿ ಸಲವೂ ಬೋಲ್ಟು ಸವೆಯುತ್ತದೆ, ಪಿನ್ನು ಕಳೆಯುತ್ತದೆ, ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ. ನೆಲ ನಿನ್ನೆಯವರೆಗೆ ಗದ್ದೆಯಾಗಿದ್ದಿರಬಹುದು, ಮಳೆ ಬಂದಿರಬಹುದು. ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು ಮಟ್ಟ ಮಾಡುವುದನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಡ. ಲೋಹದ ದಣಿವಿನ ಬಿರುಕನ್ನು ಬರಿಗಣ್ಣು ಕಾಣದು; ಬಣ್ಣದ ದ್ರವ ಸವರಿ ಅಥವಾ ಶ್ರವಣಾತೀತ ತರಂಗ ಹಾಯಿಸಿ ಪತ್ತೆ ಮಾಡಬೇಕು. ಹೊಸ ಬಣ್ಣ ಬಳಿದ ತೊಟ್ಟಿಲು ಎಷ್ಟು ಹಳೆಯದೆಂದು ಟಿಕೆಟ್ ಕೊಳ್ಳುವವನಿಗೆ ತಿಳಿಯುವ ಬಗೆ ಯಾವುದು?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮನರಂಜನೆ ರಾಜ್ಯಪಟ್ಟಿಯ 33ನೇ ವಿಷಯ. ಇಡೀ ದೇಶಕ್ಕೆ ಅನ್ವಯವಾಗುವ ರೈಡ್ ಸುರಕ್ಷತಾ ಕಾಯ್ದೆ ಇಲ್ಲ. ಭಾರತೀಯ ಮಾನಕ ಬ್ಯೂರೊ 2004ರಲ್ಲೇ ಐಎಸ್ 15475 ಎಂಬ ಮಾನದಂಡವನ್ನು ರೈಡ್‌ಗಳಿಗೂ ಐಎಸ್ 15492 ಎಂಬುದನ್ನು ಜಲಪಾರ್ಕುಗಳಿಗೂ ಪ್ರಕಟಿಸಿದೆ. ಮಾನದಂಡ ತಾನಾಗಿಯೇ ಕಾನೂನಾಗುವುದಿಲ್ಲ. ಸರ್ಕಾರವೊಂದು ಅದನ್ನು ಪರವಾನಗಿಯ ಷರತ್ತಾಗಿ ಬರೆದಾಗಲೇ ಅದಕ್ಕೆ ಹಲ್ಲು ಬರುವುದು. ಕರ್ನಾಟಕದಲ್ಲಿ ಸಾರ್ವಜನಿಕ ಮನರಂಜನೆಯ ನಿಯಂತ್ರಣಕ್ಕೆ 1963ರ ಪೊಲೀಸ್ ಕಾಯ್ದೆಯೇ ಆಧಾರ. ಜನಸಂದಣಿ, ಸದ್ದುಗದ್ದಲ, ಸಮಯ ಇವನ್ನು ಪೊಲೀಸರು ಬಲ್ಲರು. ಬೆಸುಗೆಯ ಗುಣಮಟ್ಟವನ್ನು ಠಾಣಾಧಿಕಾರಿಯಿಂದ ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಸವಾರರಿಗೂ ಅನ್ಯಾಯ. ಸ್ಥಳೀಯ ಸಂಸ್ಥೆ, ವಿದ್ಯುತ್, ಅಗ್ನಿಶಾಮಕ ಹೀಗೆ ಒಂದೊಂದು ಇಲಾಖೆಯೂ ತನ್ನ ಪಾಲಿನ ಕಾಗದವನ್ನಷ್ಟೇ ನೋಡಿದರೆ, ಯಂತ್ರವನ್ನು ಯಂತ್ರವಾಗಿ ನೋಡುವವರು ಯಾರೂ ಉಳಿಯುವುದಿಲ್ಲ.

ಅವಘಡದ ಬಳಿಕ ಮಾತ್ರ ಕಾನೂನು ಚುರುಕಾಗುತ್ತದೆ. ನಿರ್ಲಕ್ಷ್ಯದಿಂದ ಸಾವುಂಟುಮಾಡಿದ್ದಕ್ಕೆ ಹಳೆಯ ದಂಡಸಂಹಿತೆಯಲ್ಲಿ ಎರಡು ವರ್ಷದವರೆಗೆ ಇದ್ದ ಶಿಕ್ಷೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಏರಿದೆ. ಟಿಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ‘ಸ್ವಂತ ಜವಾಬ್ದಾರಿಯ ಮೇಲೆ’ ಎಂದು ಮುದ್ರಿಸಿದ ಮಾತ್ರಕ್ಕೆ ಈ ಅಪರಾಧ ಮನ್ನಾ ಆಗುವುದಿಲ್ಲ. ಆದರೆ ಎಫ್‌ಐಆರ್‌ನಲ್ಲಿ ಮೊದಲು ಹೆಸರು ಬರುವುದು ಸಾಮಾನ್ಯವಾಗಿ ಲಿವರ್ ಹಿಡಿದ ಹುಡುಗನದು. ಯಂತ್ರದ ಕೈಪಿಡಿಯನ್ನು ಅವನಿಗೆ ಯಾರಾದರೂ ಎಂದಾದರೂ ತೋರಿಸಿದ್ದರೇ ಎಂಬ ಪ್ರಶ್ನೆ ಕಡತದಲ್ಲಿ ದಾಖಲಾಗುವುದು ಅಪರೂಪ.

ಸಂಚಾರಿ ರೈಡ್‌ಗಳನ್ನು ನಿಯಂತ್ರಿಸುವುದು ಅಸಾಧ್ಯವೇನಲ್ಲ. ಜರ್ಮನಿಯಲ್ಲಿ ಊರಿಂದೂರಿಗೆ ಸಾಗುವ ಇಂಥ ಯಂತ್ರಗಳಿಗೆ ಕಟ್ಟಡ ಕಾನೂನಿನಲ್ಲೇ ಪ್ರತ್ಯೇಕ ಸ್ಥಾನವಿದೆ. ಪ್ರತಿ ಯಂತ್ರಕ್ಕೂ ಒಂದು ತಪಾಸಣಾ ಪುಸ್ತಕ. ಅದರ ನಕ್ಷೆ, ದುರಸ್ತಿ, ಪರೀಕ್ಷೆಗಳೆಲ್ಲ ಅದರಲ್ಲಿ. ಯಂತ್ರ ಹೋದಲ್ಲೆಲ್ಲ ಪುಸ್ತಕವೂ ಹೋಗುತ್ತದೆ; ಹೊಸ ಊರಿನಲ್ಲಿ ಜೋಡಿಸಿದ ಮೇಲೆ ಅಲ್ಲಿನ ಅಧಿಕಾರಿ ಅದನ್ನು ನೋಡಬಹುದು, ಬೇಕಾದರೆ ತಡೆಯಬಹುದು. ಬ್ರಿಟನ್ನಿನಲ್ಲಿ ಸ್ವತಂತ್ರ ತಪಾಸಕರ ವಾರ್ಷಿಕ ಪ್ರಮಾಣಪತ್ರದ ವ್ಯವಸ್ಥೆ 1997ರಿಂದ ನಡೆದುಬಂದಿದೆ. ಲಾರಿಗೆ ಎಫ್‌ಸಿ ಇಲ್ಲದೆ ರಸ್ತೆಗಿಳಿಯಬಾರದೆಂದು ದಶಕಗಳಿಂದ ಒಪ್ಪಿಕೊಂಡ ನಮಗೆ, ಆ ಲಾರಿಯಲ್ಲೇ ಬಂದಿಳಿಯುವ ತೊಟ್ಟಿಲಿಗೂ ಎಫ್‌ಸಿ ಬೇಕೆಂಬುದು ವಿಚಿತ್ರವಾಗಿ ಕಾಣಬೇಕಿಲ್ಲ.

ಗುಜರಾತ್ ರಾಜ್ಯ ಈ ದಿಕ್ಕಿನಲ್ಲಿ ರೈಡ್ ಮತ್ತು ಗೇಮಿಂಗ್ ವಲಯಗಳ ನಿಯಮಗಳನ್ನು ರೂಪಿಸಿದ್ದು 2024ರಲ್ಲಿ. ಅದಕ್ಕೆ ಮೊದಲು, ಆ ವರ್ಷದ ಮೇ 25ರಂದು, ರಾಜಕೋಟೆಯ ಗೇಮ್ ಜೋನ್ ಬೆಂಕಿಗೆ ಇಪ್ಪತ್ತಕ್ಕೂ ಹೆಚ್ಚು ಜೀವಗಳು, ಅವುಗಳಲ್ಲಿ ಮಕ್ಕಳೂ, ಬಲಿಯಾಗಬೇಕಾಯಿತು. ಕರ್ನಾಟಕ ಅಂಥ ದಿನಕ್ಕೆ ಕಾಯಬೇಕಿಲ್ಲ. ಹೊಸ ಕಾಯ್ದೆಗೂ ಕಾಯಬೇಕಿಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ, ಶಿರಸಿಯ ಮಾರಿಕಾಂಬಾ ಜಾತ್ರೆಗೆ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬರುವ ರೈಡ್‌ಗಳಿಗೆ ಜಾಗ ಸಿಗುವುದು ಯಾವುದಾದರೊಂದು ಪ್ರಾಧಿಕಾರದ, ಸಮಿತಿಯ ಅಥವಾ ಸ್ಥಳೀಯ ಸಂಸ್ಥೆಯ ಒಪ್ಪಿಗೆಯಿಂದಲೇ. ಆ ಒಪ್ಪಿಗೆಯ ಷರತ್ತುಗಳಲ್ಲಿ ಬಾಡಿಗೆಯ ಮೊತ್ತದ ಕೆಳಗೆ ಇನ್ನು ನಾಲ್ಕು ಸಾಲು ಸೇರಿಸಬಹುದು: ಯಂತ್ರದ ತಪಾಸಣಾ ಪುಸ್ತಕ; ಜೋಡಿಸಿದ ಮೇಲೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಯಂತ್ರಶಾಸ್ತ್ರ ವಿಭಾಗದವರಿಂದ ಪರೀಕ್ಷೆ; ಕೊನೆಯ ತಪಾಸಣೆಯ ದಿನಾಂಕವನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲಿ ಕನ್ನಡದಲ್ಲಿ ಬರೆದ ಫಲಕ; ಕೈಗೆಟಕುವ ಪ್ರತಿ ಅಚ್ಚಿಗೂ ಜಾಲರಿಯ ಮುಚ್ಚಳ. ಅದೇ ಕಿಟಕಿಯಲ್ಲಿ ಟಿಕೆಟ್ಟಿನೊಂದಿಗೆ ಒಂದು ರಬ್ಬರ್ ಬ್ಯಾಂಡನ್ನೂ ಕೊಡಬೇಕು, ಕೂದಲು ಕಟ್ಟದವರನ್ನು ಹತ್ತಿಸಬಾರದು ಎಂದು ಐದನೆಯ ಸಾಲಾಗಿ ಬರೆದರೆ ಬಾಡಿಗೆಯಲ್ಲಿ ಕಡಿಮೆಯಾಗುವುದು ಏನೂ ಇಲ್ಲ.